ಎರಡನೆಯ ಫೆಬ್ರವರಿ ಪ್ರತಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಒಳ್ಳೆಯ ಹೆಂಗಸೊಬ್ಬಳ ತಪ್ಪನ್ನು ನಾಲ್ಕು ಜನರ ಮುಂದೆ ಬಿಚ್ಚಿಡುವುದು ಶೋಭೆಯಲ್ಲ. ಅವಳ ಕೈಯಲ್ಲಿ ಹರಿದ ಪುಸ್ತಕ ಹೊಲಿಸಿಕೊಂಡವರಿಗಂತೂ ಸಲ್ಲದು. ಆದರೆ ಮುಚ್ಚಿಟ್ಟರೆ ಇನ್ನೊಬ್ಬ ಜೈಲಿನಲ್ಲೇ ಕೂತಿರಬೇಕಾಗುತ್ತದೆ.

"ಮುಟ್ಟಿ ನೋಡಿ ಮೇಡಂ, ಅದೇನು ಕಚ್ಚಲ್ಲ," ಎಂದ ಡೆಪ್ಯುಟಿ ಲೈಲ್ ಕ್ರೂಗರ್.

ಶೆರಿಫ್ ಕಚೇರಿಯ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದ ಪತ್ರಿಕೆ ಬಿದ್ದಿತ್ತು. 'ಬುಕ್‌ರೌಂಡ್', ಫೆಬ್ರವರಿ 1944. ದಪ್ಪ ದಪ್ಪ ಕಾದಂಬರಿಗಳನ್ನು ಕಿರಿದು ಮಾಡಿ, ನಾಲ್ಕನ್ನು ಒಂದೇ ಸಂಚಿಕೆಯಲ್ಲಿ ತುರುಕಿ, ಯುದ್ಧಕಾಲದ ಬಡಕಲು ಕಾಗದದ ಮೇಲೆ ಅಚ್ಚು ಹಾಕಿದ ಪತ್ರಿಕೆ. ಮೂವತ್ತೇಳು ವರ್ಷದ ಹಿಂದೆ ಹತ್ತಾರು ಜನ ಓದಿ ಬಿಸಾಕಿದ್ದು.

ಮೂರು ವಾರದ ಹಿಂದೆ ಆರ್ವಿಲ್ ಬ್ರಾಟ್ಸ್‌ಬರ್ಗ್ ಎಂಬ ಸಂಗ್ರಾಹಕ ತನ್ನ ಮನೆಯ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ, ಯಾರೋ ತಳ್ಳಿ ಕೊಂದದ್ದೆಂದು ಪೊಲೀಸರ ಲೆಕ್ಕ. ಅವನ ಕಪಾಟಿನಿಂದ ಕಾಣೆಯಾಗಿದ್ದ ಒಂದೇ ಒಂದು ಸಂಚಿಕೆ ಹಳೆ ಪುಸ್ತಕದ ವ್ಯಾಪಾರಿ ಡ್ಯೂಯಿ ಲಿಂಡ್‌ಕ್ವಿಸ್ಟನ ಗಲ್ಲಾದ ಕೆಳಗೆ ಸಿಕ್ಕಿತ್ತು. ಅದು ಆರ್ವಿಲನದೇ ಎಂದು ಬೈಬಲ್ ಮುಟ್ಟಿ ಹೇಳಿದವಳು ಆರ್ಡಿಸ್ ಟಾಲಫ್‌ಸನ್.

ಎಲ್ಕ್ ಪ್ರೇರಿ ಊರಿನ ಲೈಬ್ರರಿಯಲ್ಲಿ ಅವಳದು ಹರಿದ ಪುಸ್ತಕಗಳನ್ನು ರಿಪೇರಿ ಮಾಡುವ ಕೆಲಸ. ಗಂಡ ತೀರಿಕೊಂಡ ಮೇಲೆ ಸಂಜೆ ತರಗತಿಗೆ ಹೋಗಿ ಕಲಿತದ್ದು. ಆಮೇಲೆ ಅಲ್ಲೇ ಕಲಿಸಿದ್ದೂ ಉಂಟು. ವಯಸ್ಸು ಐವತ್ತೆಂಟು. ನಿವೃತ್ತಿಗೆ ಎರಡು ವರ್ಷ ಬಾಕಿ. ಸುಳ್ಳು ಹೇಳಿದವಳು ಎಂದು ಅವಳನ್ನು ಯಾರೂ ಯಾವತ್ತೂ ಅಂದಿರಲಿಲ್ಲ.

"ಸೋಮವಾರ ಹತ್ತು ಗಂಟೆಗೆ ಜಡ್ಜ್ ಮುಂದೆ ಇಡ್ಬೇಕು," ಎಂದ ಲೈಲ್. "ಪತ್ರಿಕೆ ಹೇಗಿದೆ, ಎಲ್ಲಿ ಹರಿದಿದೆ, ಎಲ್ಲಿ ಹೊಲಿಗೆ ಹಾಕಿದೀರಿ, ಎಲ್ಲ ಒಂದು ಹಾಳೇಲಿ ಬರ್ಕೊಟ್ಬಿಡಿ. ಡ್ಯೂಯಿ ಕಥೆ ಮುಗೀತು."

ಆರ್ಡಿಸ್ ಪತ್ರಿಕೆಯನ್ನು ತೆರೆದಳು.

ಮೊನ್ನೆ ಮಂಗಳವಾರ ಅವಳಿಗೆ ಇದನ್ನು ಚೀಲದೊಳಗಿಂದಲೇ ತೋರಿಸಿದ್ದರು. ಬೆನ್ನಿನ ಮೇಲೆ ಮೂರು ತೂತು, ಅದರಲ್ಲಿ ಟೀ ನೀರಲ್ಲಿ ಅದ್ದಿ ಕಂದು ಮಾಡಿದ ನಾರಿನ ದಾರ. ಹಳೆ ಕಾಗದದ ಬಣ್ಣಕ್ಕೆ ದಾರ ಹೊಂದಬೇಕೆಂದು ಟೀಯಲ್ಲಿ ಅದ್ದುವವಳೆಂದು ಆ ಸೀಮೆಯಲ್ಲಿ ಹೆಸರಾದವಳು ಅವಳೊಬ್ಬಳೇ. "ನನ್ನ ಹೊಲಿಗೆ. ಆರ್ವಿಲ್ ಪ್ರತಿ ಇದು," ಅಂದಿದ್ದಳು. ಅಷ್ಟು ಸಾಕಾಗಿತ್ತು.

ಈಗ ನಡುಪುಟ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಗಂಟು. ದಾರದ ಬಾಲ ಎಡಕ್ಕೆ ಬಿದ್ದಿತ್ತು. ಅವಳು ಕಟ್ಟಿದ ಗಂಟಿನ ಬಾಲ ಬಲಕ್ಕೆ ಬೀಳುತ್ತದೆ.

'ವರ್ಷಗಳಾದವು, ತಿರುಗಿರಬಹುದು,' ಎಂದುಕೊಂಡಳು.

ಆಮೇಲೆ ತುಕ್ಕಿನ ಕಲೆ ನೋಡಿದಳು. ಯುದ್ಧದ ದಿನಗಳಲ್ಲಿ ಒಳ್ಳೆಯ ಲೋಹವೆಲ್ಲ ಫಿರಂಗಿಗೆ ಹೋಗಿ, ಪತ್ರಿಕೆಗೆ ಹೊಡೆಯುತ್ತಿದ್ದದ್ದು ಕಳಪೆ ಪಿನ್ನು. ಅದು ತುಕ್ಕು ಹಿಡಿದು ಹೊದಿಕೆಯಿಂದ ನಡುಪುಟದವರೆಗೆ ಎರಡು ಕಂದು ಚುಕ್ಕೆ ಬಿಡುತ್ತದೆ. ಒಂದೊಂದು ಪ್ರತಿಗೆ ಪಿನ್ನು ಬಿದ್ದ ಜಾಗ ಒಂದೊಂದು, ಒಂದರಂತೆ ಇನ್ನೊಂದಿಲ್ಲ. ಪಿನ್ನು ಕಿತ್ತು ದಾರ ಹಾಕಿದರೂ ಚುಕ್ಕೆ ಹೋಗುವುದಿಲ್ಲ.

ಈ ಪ್ರತಿಯಲ್ಲಿ ಹೊದಿಕೆಯ ಚುಕ್ಕೆ ಪುಟಗಳ ಚುಕ್ಕೆಯ ಮೇಲೆ ಸರಿಯಾಗಿ ಕೂತಿತ್ತು, ಮಡಕೆಯ ಮೇಲೆ ಮುಚ್ಚಳ ಕೂತಂತೆ.

ಆರ್ವಿಲನ ಪ್ರತಿಯಲ್ಲಿ ಅದು ಹಾಗೆ ಕೂರಲು ಸಾಧ್ಯವೇ ಇರಲಿಲ್ಲ. ಅದು ಜಗತ್ತಿನಲ್ಲಿ ತನಗೆ ಮಾತ್ರ ಗೊತ್ತು ಎಂದುಕೊಂಡಿದ್ದಳು ಆರ್ಡಿಸ್.

"ಏನಾಯ್ತು ಮೇಡಂ? ಮುಖ ಬಿಳಿಚಿಕೊಂಡಿದೆ."

"ಏನಿಲ್ಲ ಲೈಲ್. ಕನ್ನಡಕ ಬದಲಾಯಿಸ್ಬೇಕು."

"ಚಿಕ್ಕವನಿದ್ದಾಗ ಬಾತುಕೋಳಿ ಪುಸ್ತಕ ಹರಿದು ತಂದಾಗ ನೀವು ಹಿಂಗೇ ನೋಡಿದ್ರಿ ನನ್ನ. ನಾನು ಪ್ಯಾಂಟ್ ಒದ್ದೆ ಮಾಡ್ಕೊಂಡಿದ್ದೆ," ಎಂದು ಅವನು ನಕ್ಕ.

ಅವಳು ಹಾಳೆಯಲ್ಲಿ ಪುಟಗಳ ಸಂಖ್ಯೆ ಬರೆದಳು. 'ಸ್ಥಿತಿ: ಉತ್ತಮ' ಎಂದು ಬರೆದಳು. ಸಹಿಯ ಜಾಗದ ಮೇಲೆ ಪೆನ್ನು ನಿಂತಿತು.

"ಸಹಿ ಸೋಮವಾರ ಹಾಕ್ತೀನಿ. ಇನ್ನೊಮ್ಮೆ ಯೋಚಿಸ್ಬೇಕು."

"ಯೋಚಿಸೋಕೇನಿದೆ?"

ಅವಳು ಎದ್ದಳು. ಕೋಟಿನ ಗುಂಡಿ ಹಾಕಿಕೊಂಡಳು, ತಪ್ಪು ತೂತಿಗೆ.

ಹೊರಗೆ ಹೋಗುವ ದಾರಿ ಜೈಲಿನ ಕೋಣೆಯ ಮುಂದೆಯೇ ಇತ್ತು. ತಲೆ ತಗ್ಗಿಸಿ ದಾಟಿಬಿಡೋಣವೆಂದರೆ, ಒಳಗಿನಿಂದ ಕೂಗು ಬಂತು.

"ಓಹೋ, ಸೂಜಿ ರಾಣಿ! ಬಂದ್ರಾ?"

ಡ್ಯೂಯಿ ಲಿಂಡ್‌ಕ್ವಿಸ್ಟ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಅರವತ್ತೆರಡು ವರ್ಷ, ಯುದ್ಧದಲ್ಲಿ ಗುಂಡು ತಿಂದ ಎಡಗಾಲು ಮಡಚುವುದಿಲ್ಲ. ಮೂರು ದಿನದ ಗಡ್ಡ.

"ಡ್ಯೂಯಿ, ನಾನು..."

"ಬಿಡು ಮಾರಾಯ್ತಿ. ನೀನು ಕಂಡದ್ದು ಹೇಳಿದೆ. ನಾನು ಹೇಳಿದ್ದು ಯಾರೂ ನಂಬಲ್ಲ. ಚರ್ಚಿನ ಹಳೆ ಸಾಮಾನು ಮಾರಾಟದಲ್ಲಿ ಒಂದು ಪೆಟ್ಟಿಗೆ ತಗೊಂಡೆ. ಮೇಲೆ ಅಡುಗೆ ಪುಸ್ತಕ, ಕೆಳಗೆ ಇದು. ಆರ್ವಿಲ್ ಸಾಯೋಕೆ ಹದಿನೈದು ದಿನ ಮುಂಚೆ ಇದಕ್ಕೋಸ್ಕರಾನೇ ಅವನ ಜೊತೆ ಸಂತೇಲಿ ಜಗಳ ಆಡಿದ್ದೆ. ಊರೆಲ್ಲ ನೋಡಿತ್ತು. ಅದಕ್ಕೇ ಗಲ್ಲಾದ ಕೆಳಗೆ ಬಚ್ಚಿಟ್ಟು ಓದ್ತಿದ್ದೆ. ಕಳ್ಳತನಕ್ಕಲ್ಲ, ನಾಚಿಕೆಗೆ."

"ಓದೋಕಾ? ಸಂಗ್ರಹಕ್ಕಲ್ವಾ?"

"ನಿಮ್ಮ ಥರ ಕವರ್ ಒಳಗಿಟ್ಟು ಪೂಜೆ ಮಾಡೋಕೆ ನಂಗೇನು ಹುಚ್ಚಾ? ನಲವತ್ನಾಲ್ಕರಲ್ಲಿ ಆಸ್ಪತ್ರೇಲಿ ಮಲಗಿದ್ದಾಗ ಇದೇ ಸಂಚಿಕೆ ಮಂಚದಿಂದ ಮಂಚಕ್ಕೆ ಬಂತು. ಮೂರನೇ ಕಥೆ, ಹಡಗಿಂದು. ಕೊನೇ ಎರಡು ಹಾಳೆ ಯಾವನೋ ಸಿಗರೇಟು ಸುತ್ತೋಕೆ ಹರ್ಕೊಂಡಿದ್ದ. ಆ ಹಡಗು ದಡ ಸೇರ್ತೋ ಇಲ್ವೋ ಅಂತ ಮೂವತ್ತೇಳು ವರ್ಷ ಕಾದಿದೀನಿ. ಮೊನ್ನೆ ತೊಂಬತ್ತನೇ ಪುಟದಲ್ಲಿದ್ದೆ, ಲೈಲ್ ಬಾಗಿಲು ತಟ್ಟಿದ." ಅವನು ಕಂಬಿಯ ಹತ್ತಿರ ಮುಖ ತಂದ. "ನಿನ್ನ ಕೈಗೆ ಕೊಟ್ಟಿದ್ರಲ್ಲ ಈಗ. ಕೊನೆ ನೋಡಿದ್ಯಾ? ಹಡಗು ಏನಾಯ್ತು?"

"ನೋಡ್ಲಿಲ್ಲ," ಎಂದಳು ಆರ್ಡಿಸ್. ಅವಳು ಗಂಟು ನೋಡಿದ್ದಳು, ತುಕ್ಕು ನೋಡಿದ್ದಳು. ಕಥೆಯನ್ನು ನೋಡಿರಲಿಲ್ಲ.

"ಸರಿ ಹೋಯ್ತು," ಎಂದು ಅವನು ಗೋಡೆಗೆ ಒರಗಿದ. "ನೇಣು ಹಾಕೋ ಕಾನೂನು ನಮ್ಮ ರಾಜ್ಯದಲ್ಲಿಲ್ಲ ಬಿಡು. ಜೀವಾವಧಿ ಕೊಟ್ರೆ ಲೈಬ್ರರಿಯಿಂದ ತರ್ಸಿಕೊಂಡು ಓದ್ತೀನಿ."

ನಗಿಸಲೆಂದೇ ಹೇಳಿದ್ದ. ಆರ್ಡಿಸ್ ಹೊರಗೆ ಬಂದು ಕಾರಿನಲ್ಲಿ ಕೂತು, ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡಳು.

ಆರು ವರ್ಷದ ಹಿಂದಿನ ಮಾತು. ಆರ್ವಿಲ್ ಈ ಫೆಬ್ರವರಿ ಸಂಚಿಕೆಯನ್ನು ಎದೆಗವಚಿಕೊಂಡು ಅವಳ ಮೇಜಿಗೆ ಬಂದಿದ್ದ. ಯುದ್ಧದ ವರ್ಷ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಮನೆಮನೆಯಿಂದ ರದ್ದಿ ಸೇರಿಸಿ, ಲಾರಿಗಟ್ಟಲೆ ಪತ್ರಿಕೆಗಳನ್ನು ಕಾಗದದ ಗಿರಣಿಗೆ ಕಳಿಸಿದ ಮೇಷ್ಟರು ಅವನು. ಉಳಿದ ಬದುಕೆಲ್ಲ ಅವುಗಳನ್ನೇ ಒಂದೊಂದಾಗಿ ಹುಡುಕಿ ಮರಳಿ ತರುತ್ತಿದ್ದ. ನಲವತ್ತೆಂಟು ಸಂಚಿಕೆಯಲ್ಲಿ ಇದೇ ಕೊನೆಯದು. "ಹೊದಿಕೆ ಕೊಳಕಾಗಿದೆ, ತೊಳೆದುಕೊಡು," ಅಂದಿದ್ದ.

ಅವಳು ತಟ್ಟೆಯಲ್ಲಿ ನೀರಿಟ್ಟು ಹೊದಿಕೆಯನ್ನು ಮುಳುಗಿಸಿದಳು. ಅಷ್ಟರಲ್ಲಿ ಯಾರೋ ಕರೆದರು. ಐದು ನಿಮಿಷ. ಮರಳಿ ಬಂದಾಗ ನೀರು ರಕ್ತದಂತೆ ಕೆಂಪಾಗಿತ್ತು. ಯುದ್ಧಕಾಲದ ಕೆಂಪು ಶಾಯಿ ನೀರಿಗೆ ಬಿಡುತ್ತದೆಂದು ತರಗತಿಯಲ್ಲಿ ಮಕ್ಕಳಿಗೆ ಹೇಳಿದಂತೆ ಹೇಳುತ್ತಿದ್ದವಳು ಅವಳೇ.

ಹೇಳಬಹುದಿತ್ತು. 'ಆರ್ವಿಲ್, ಹಾಳು ಮಾಡಿದೆ' ಎನ್ನಬಹುದಿತ್ತು. ಹೇಳಲಿಲ್ಲ. ಲೈಬ್ರರಿಯ ಉಗ್ರಾಣದಲ್ಲಿ ಅದೇ ಸಂಚಿಕೆಯ ಒಂದು ಪ್ರತಿ ಇತ್ತು. ಅದರ ಹೊದಿಕೆ ಬಿಚ್ಚಿ ಇದಕ್ಕೆ ಹೊಲಿದಳು. ಎರಡು ಪ್ರತಿ ಸೇರಿಸಿ ಒಂದು ಮಾಡುವುದಕ್ಕೆ ಸಂಗ್ರಾಹಕರು 'ಮದುವೆ' ಅನ್ನುತ್ತಾರೆ. ಹೇಳಿ ಮಾಡಿದರೆ ತಪ್ಪಲ್ಲ, ಬಚ್ಚಿಟ್ಟರೆ ಅದಕ್ಕಿಂತ ದೊಡ್ಡ ಪಾಪ ಅವರಲ್ಲಿಲ್ಲ. ಹೊದಿಕೆಯ ಒಳಮೈಯಲ್ಲಿ ಲೈಬ್ರರಿಯ ಮುದ್ರೆ ಇತ್ತು. ಹೊಂದದ ತುಕ್ಕಿನ ಚುಕ್ಕೆಯೂ ಇತ್ತು. ಎರಡರ ಮೇಲೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಕಾಗದ ಅಂಟಿಸಿ ಟೀ ಬಣ್ಣ ಬಳಿದಳು. ಲೈಬ್ರರಿಯ ಪುಸ್ತಕಪಟ್ಟಿಯಲ್ಲಿ 'ಕಳೆದುಹೋಗಿದೆ' ಎಂದು ಬರೆದಳು.

ಆರ್ವಿಲ್ ನೋಡಿ ಅತ್ತುಬಿಟ್ಟಿದ್ದ. "ನನ್ನ ಹೊದಿಕೇನಾ ಇದು? ಇಷ್ಟು ಚೆನ್ನಾಗಿತ್ತಾ?"

ಈಗ ನಿಜ ಹೇಳಿದರೆ ಡ್ಯೂಯಿ ಹೊರಗೆ. ಆದರೆ 'ಅದು ಆರ್ವಿಲ್ ಪ್ರತಿ ಅಲ್ಲ' ಅಂದೊಡನೆ 'ನಿಮಗೆ ಹೇಗೆ ಗೊತ್ತು' ಎಂಬ ಪ್ರಶ್ನೆ ಬರುತ್ತದೆ. ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಒಬ್ಬ ಮನುಷ್ಯನ ಉಳಿದ ಆಯಸ್ಸು ಹೋಗುತ್ತದೆ. ತಕ್ಕಡಿಯಲ್ಲಿ ಯಾವುದು ಭಾರ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಾರು ಶೆರಿಫ್ ಕಚೇರಿಯ ಕಡೆಗೆ ತಿರುಗಲಿಲ್ಲ. ಆರ್ವಿಲನ ಮನೆಯ ಕಡೆಗೆ ತಿರುಗಿತು.

ಐಡೆಲಾ ಬ್ರಾಟ್ಸ್‌ಬರ್ಗ್ ಅಡುಗೆಮನೆಯಲ್ಲಿ ಸೇಬು ಸುಲಿಯುತ್ತಿದ್ದಳು. ಗಂಡನನ್ನು ಮಣ್ಣು ಮಾಡಿ ಎರಡೂವರೆ ವಾರ. ತೋಟದ ಸೇಬು ಅದಕ್ಕೆ ಕಾಯುವುದಿಲ್ಲವಲ್ಲ.

"ಬಾರೆ, ಕೂತ್ಕೊ. ಕಾಫಿ ಹಾಕ್ಲಾ?"

"ಹಾಕು."

ಐಡೆಲಾಳ ಚಾಕು ನಿಂತಿತು. ಆ ಊರಿನ ನಾರ್ವೆ ಮೂಲದ ಮನೆಗಳಲ್ಲಿ ಕಾಫಿಯನ್ನು ಮೂರು ಸಲ ಬೇಡ ಅಂದ ಮೇಲೆ ಕುಡಿಯುವುದು ಮರ್ಯಾದೆ. ಮೊದಲನೆಯ ಸಲಕ್ಕೇ ಹೂಂ ಅನ್ನುವವರು ಒಂದೋ ಹೊರಗಿನವರು, ಇಲ್ಲವೇ ಮನೆಗೆ ಬೆಂಕಿ ಬಿದ್ದವರು.

"ಏನಾಗಿದೆ ನಿಂಗೆ?" ಎಂದಳು ಐಡೆಲಾ.

ಆರ್ಡಿಸ್‌ಳ ಕಣ್ಣು ಐಡೆಲಾಳ ಕೈಯ ಮೇಲಿತ್ತು. ಚಾಕು ಎಡಗೈಯಲ್ಲಿತ್ತು. ಸೇಬಿನ ಸಿಪ್ಪೆ ಉದ್ದಕ್ಕೆ ಹರಿಯದೆ ಸುರುಳಿಯಾಗಿ ಇಳಿಯುತ್ತಿತ್ತು, ಎಲ್ಲರದಕ್ಕಿಂತ ತಿರುವುಮುರುವಾಗಿ.

ದಾರದ ಬಾಲ ಎಡಕ್ಕೆ ಬಿದ್ದಿತ್ತು.

"ಐಡೆಲಾ, ನನ್ನ ತರಗತಿಗೆ ಬಂದಿದ್ಯಲ್ಲ, ಎಪ್ಪತ್ತಾರರಲ್ಲಿ. ಟೀಯಲ್ಲಿ ದಾರ ಅದ್ದೋದು ಕಲಿಸಿದ್ದೆ."

"ಏಳು ಜನ ಇದ್ವಿ. ನೀನು ಎಲ್ಲರಿಗೂ ಬೈದೆ, ನಂಗೆ ಮಾತ್ರ ಬೈಲಿಲ್ಲ. ಎಡಗೈಯವಳು ಪಾಪ, ಅಂತ."

"ಶೆರಿಫ್ ಹತ್ರ ಇರೋ ಪ್ರತೀನ ಹೊಲಿದದ್ದು ನೀನು."

ಸಿಪ್ಪೆ ತುಂಡಾಯಿತು.

ಐಡೆಲಾ ನಿಧಾನವಾಗಿ ಚಾಕು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಅದು ಆರ್ವಿಲಂದು ಅಂತ ನೀನೇ ಪ್ರಮಾಣ ಮಾಡಿದ್ಯಂತೆ."

"ಮಾಡ್ದೆ. ತಪ್ಪು ಮಾಡ್ದೆ. ಈಗ ನೀನು ಹೇಳು. ಆರ್ವಿಲನ್ನ ಯಾರು..."

"ಹೇಳೋದಿದ್ರೆ ನೀನು ಹೇಳು ಮೊದ್ಲು!" ಐಡೆಲಾಳ ದನಿ ಏರಿತು. "ನನ್ನ ಮನೇಲಿ ಕೂತು, ನನ್ನ ಕಾಫಿ ಮುಂದಿಟ್ಟುಕೊಂಡು, ನನ್ನನ್ನೇ ಅನುಮಾನ ಪಡ್ತೀಯಲ್ಲೆ! ಹೊದಿಕೆ ಯಾರದ್ದು ಅಂತ ನಾನು ಒಂದು ದಿನ ಕೇಳಿದ್ನಾ ನಿನ್ನ?"

ಆರ್ಡಿಸ್‌ಗೆ ಕೈಯಲ್ಲಿದ್ದ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಗೊತ್ತಿತ್ತಾ?"

"ನೀನೇ ಕಲಿಸಿದ್ದಲ್ವಾ? 'ಕಿಟಕಿಗೆ ಹಿಡಿದು ನೋಡಿ, ಬೆಳಕು ಸುಳ್ಳು ಹೇಳಲ್ಲ.' ಹಿಡಿದೆ. ಒಳಗೆ ಅಂಟಿಸಿದ ತೇಪೆ ಕಾಣಿಸ್ತು. ಕೆಳಗೆ ದುಂಡಗೆ ಏನೋ ಮುದ್ರೆ ಕಾಣಿಸ್ತು. ಐದು ವರ್ಷ ಬಾಯಿ ಮುಚ್ಚಿಕೊಂಡೆ. ಅವನು ಬಂದವರಿಗೆಲ್ಲ ತೋರಿಸಿ 'ನಮ್ಮ ಆರ್ಡಿಸ್ ಕೈಯಿಗೆ ಚಿನ್ನದ ಬಳೆ ತೊಡಿಸ್ಬೇಕು' ಅಂತಿದ್ದ. ನಾನು ಹೇಳಿದ್ರೆ ಅವನ ಕೈ ತಪ್ಪಿ ಹೋಗ್ತಿದ್ದದ್ದು ಪತ್ರಿಕೆ ಅಲ್ಲ. ನೀನು."

ಆರ್ಡಿಸ್ ಲೋಟವನ್ನು ಮೇಜಿನ ಮೇಲಿಟ್ಟಳು.

"ಈ ಬೇಸಿಗೇಲಿ ಅಯೋವಾ ರಾಜ್ಯದ ಒಬ್ಬಳು ಕಾಗದ ಬರೆದ್ಲು," ಎಂದಳು ಐಡೆಲಾ, ದನಿ ತಗ್ಗಿಸಿ. "ಅವಳ ಅಟ್ಟದ ಮೇಲೆ ಇಡೀ ಪ್ರತಿ ಇದೆ ಅಂತ. ತರಿಸ್ಕೊಂಡೆ. ಪಿನ್ನು ತೆಗೆದು ನಿನ್ನ ಥರಾನೇ ಹೊಲಿದೆ. ಅವನ ಎಪ್ಪತ್ತೈದನೇ ಹುಟ್ಟುಹಬ್ಬದ ಹಿಂದಿನ ದಿನ ಸದ್ದಿಲ್ಲದೆ ಬದಲಾಯಿಸಿ, ನಿಂದನ್ನ ಒಲೆಗೆ ಹಾಕೋಣ ಅಂತ. ಅವನಿಗೂ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ಲ. ಮೆಟ್ಟಿಲ ಕೆಳಗೆ, ಅಡುಗೆ ಪುಸ್ತಕದ ಪೆಟ್ಟಿಗೇಲಿ ಬಚ್ಚಿಟ್ಟಿದ್ದೆ."

"ಈಗ?"

"ಈಗಲೂ ಅಲ್ಲೇ ಇರ್ಬೇಕು. ಆ ಮೆಟ್ಟಿಲು ನಾನಿನ್ನೂ ಇಳಿದಿಲ್ಲ. ಇಳಿಯೋಕೆ ಆಗಲ್ಲ ಕಣೆ."

ಆರ್ಡಿಸ್ ಎದ್ದಳು. ನೆಲಮಾಳಿಗೆಯ ದೀಪ ಹಾಕಿ, ಮೆಟ್ಟಿಲ ಪಕ್ಕದ ಕೈಗಂಬಿ ಹಿಡಿದು ಇಳಿದಳು. ಹದಿಮೂರು ಮೆಟ್ಟಿಲು. ಕೊನೆಯದರ ಮೇಲೆ ಕಾಲಿಡದೆ ದಾಟಿದಳು. ಮೆಟ್ಟಿಲ ಕೆಳಗಿನ ಹಲಗೆಯ ಮೇಲೆ ಧೂಳಿತ್ತು. ಧೂಳಿನ ನಡುವೆ ಪೆಟ್ಟಿಗೆಯಷ್ಟು ಅಗಲದ ಒಂದು ಸ್ವಚ್ಛ ಚೌಕ.

ಮೇಲೆ ಬಂದು ಅಂಗೈ ನೋಡಿಕೊಂಡಳು. ಮಸಿ. ಕಲ್ಲಿದ್ದಲ ಒಲೆಯ ಮನೆ. ಕೈಗಂಬಿಯೆಲ್ಲ ಮಸಿ ಹಿಡಿದಿತ್ತು.

"ಪೆಟ್ಟಿಗೆ ಇಲ್ಲ," ಎಂದಳು.

ಐಡೆಲಾ ಬಾಯಿಗೆ ಕೈ ಇಟ್ಟುಕೊಂಡಳು. "ಚರ್ಚಿನವರು! ಮಣ್ಣು ಮಾಡಿದ ಮಾರನೇ ದಿನ ಬಂದಿದ್ರು, ಹಳೆ ಸಾಮಾನಿಗೆ. ಏನು ಬೇಕಾದ್ರೂ ತಗೊಂಡು ಹೋಗಿ, ನನ್ನ ಸುಮ್ನೆ ಬಿಡಿ ಅಂದೆ. ಅಯ್ಯೋ, ಹಾಗಾದ್ರೆ ಡ್ಯೂಯಿ ಹೇಳಿದ್ದು..."

"ನಿಜ. ಅಕ್ಷರ ಅಕ್ಷರ ನಿಜ."

"ಹಾಗಾದ್ರೆ ಆರ್ವಿಲಂದು ಎಲ್ಲಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಕೋಣೆಯ ಕಪಾಟಿನಲ್ಲಿ ನಲವತ್ತೇಳು ಸಂಚಿಕೆ ಸಾಲಾಗಿ ನಿಂತಿದ್ದವು. ನಡುವೆ ಹಲ್ಲು ಬಿದ್ದಂತೆ ಒಂದು ಸಂದು.

"ಆ ಭಾನುವಾರ ಮಧ್ಯಾಹ್ನ," ಎಂದಳು ಐಡೆಲಾ, "ನಾನು ಚರ್ಚಿನ ಊಟಕ್ಕೆ ಹೊರಡ್ತಿದ್ದೆ. ಅವನು ಅದನ್ನ ಕಿಟಕಿ ಹತ್ರ ಹಿಡ್ಕೊಂಡು ನೋಡ್ತಿದ್ದ. ಮುದ್ರೆ ಕಂಡುಬಿಡ್ತು ಅಂದ್ಕೊಂಡೆ. ಆಮೇಲೆ ಫೋನ್ ಮಾಡ್ದ. ಯಾರೂ ಎತ್ತಲಿಲ್ಲ. ಬಹಳ ಹೊತ್ತು ಹಿಡ್ಕೊಂಡೇ ನಿಂತಿದ್ದ."

ಆರ್ಡಿಸ್ ಕಣ್ಣು ಮುಚ್ಚಿದಳು.

ಹನ್ನೊಂದು ಸಲ. ಆ ಭಾನುವಾರ ಅವಳ ಮನೆಯ ಫೋನು ಹನ್ನೊಂದು ಸಲ ಹೊಡೆದುಕೊಂಡಿತ್ತು. ಅವಳು ಪಕ್ಕದಲ್ಲೇ ನಿಂತು ಎಣಿಸಿದ್ದಳು. ಹಿಂದಿನ ವಾರ ಸಂತೆಯಲ್ಲಿ ಆರ್ವಿಲ್, "ಆರ್ಡಿಸ್, ನಿನ್ನ ಹತ್ರ ಒಂದು ಮಾತು ಕೇಳ್ಬೇಕು," ಎಂದಿದ್ದ. ಯಾವ ಮಾತೆಂದು ಅವಳಿಗೆ ಆಗಲೇ ಹೊಳೆದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಂದಿನಿಂದ ಅವಳು ಫೋನು ಎತ್ತುವುದನ್ನೇ ಬಿಟ್ಟಿದ್ದಳು.

"ನಂಗೆ ಮಾಡಿದ್ದ," ಎಂದಳು. "ನಾನು ಮನೇಲೇ ಇದ್ದೆ."

ಐಡೆಲಾ ಬೈಯಬಹುದೆಂದು ಕಾದಳು. ಐಡೆಲಾ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು.

"ನೀನು ಎತ್ತದೇ ಇದ್ದಿದ್ದಕ್ಕೆ ಇನ್ನೊಂದು ನಂಬರ್ ತಿರುಗಿಸ್ದ," ಎಂದಳು ಐಡೆಲಾ. "ಅವರು ಎತ್ತಿದ್ರು. 'ಬಾ, ಇದನ್ನ ನೀನೂ ನೋಡ್ಬೇಕು' ಅಂದದ್ದು ಕೇಳಿಸ್ತು. ನಾನು ಬಾಗಿಲು ಎಳ್ಕೊಂಡು ಹೋದೆ. ಯಾರು ಅಂತ ಕೇಳ್ಲಿಲ್ಲ. ಸಂಜೆ ಬಂದಾಗ..."

ಅವಳು ಮಾತು ನಿಲ್ಲಿಸಿ ಮತ್ತೆ ಚಾಕು ಎತ್ತಿಕೊಂಡಳು.

"ಹೇಳ್ತೀಯಾ ಲೈಲ್‌ಗೆ?" ಸೇಬಿನ ಕಡೆ ನೋಡುತ್ತಲೇ ಕೇಳಿದಳು. "ಹೇಳಿದ್ರೆ ನಿಂಗೇನಾಗುತ್ತೆ ಗೊತ್ತು ತಾನೇ?"

"ಗೊತ್ತು."

"ನಾನಾಗಿ ಹೇಳಲ್ಲ. ನಿನ್ನ ಪಾಪ ನೀನೇ ಹೊತ್ಕೊಂಡು ಹೋಗು. ಸೋಮವಾರದ ತನಕ ಟೈಮಿದೆ."

ಅವತ್ತು ಶನಿವಾರ, ಲೈಬ್ರರಿ ಒಂದು ಗಂಟೆಗೇ ಮುಚ್ಚಿತ್ತು. ಆರ್ಡಿಸ್ ಹಿಂಬಾಗಿಲ ಬೀಗ ತೆಗೆದು ರಿಪೇರಿ ಕೋಣೆಗೆ ಬಂದಾಗ ಮೂರು ಹೊಡೆದಿತ್ತು. ಮನೆಗೆ ಹೋಗಲು ಮನಸ್ಸಿರಲಿಲ್ಲ. ಫೋನು ಕಣ್ಣ ಮುಂದೆಯೇ ಇತ್ತು. ಹತ್ತು ಅಡಿ. ಅಷ್ಟು ದೂರ ನಡೆಯಲು ಆಗಲಿಲ್ಲ.

'ಕೈಗೆ ಏನಾದರೂ ಕೆಲಸ ಕೊಟ್ಟರೆ ಧೈರ್ಯ ಬರುತ್ತದೆ,' ಎಂದುಕೊಂಡಳು.

ರಸ್ತೆ ಕಡೆಯ ಗೋಡೆಯಲ್ಲಿ ಒಂದು ಕಿಂಡಿ ಇದೆ. ಬಾಗಿಲು ಮುಚ್ಚಿದ ಮೇಲೆ ಜನ ಅದರಲ್ಲಿ ಪುಸ್ತಕ ಹಾಕಿ ಹೋಗುತ್ತಾರೆ. ಒಳಗಿನ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಿಂದ ಬಂದದ್ದನ್ನು ಮೊದಲು ಉಜ್ಜಿ, ಆಮೇಲೆ ನೋಡುವುದು ಅವಳ ಇಪ್ಪತ್ತು ವರ್ಷದ ಅಭ್ಯಾಸ. ಕೊಳೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಡಬಾರದಲ್ಲ.

ಇವತ್ತು ಮೂರು ಬಿದ್ದಿದ್ದವು. ಮಕ್ಕಳ ಪುಸ್ತಕ ಒಂದು, ಅದರ ಮೇಲೆ ಜಾಮ್. ಒದ್ದೆ ಬಟ್ಟೆಯಿಂದ ಒರೆಸಿದಳು. ಹೆಣಿಗೆಯ ಪುಸ್ತಕ ಒಂದು. ಕುಂಚದಿಂದ ಧೂಳು ಕೊಡವಿದಳು. ಮೂರನೆಯದು ತೆಳ್ಳಗಿತ್ತು, ಹಿಂಬದಿ ಮೇಲಾಗಿ ಬಿದ್ದಿತ್ತು. ಯಾವುದೋ ಹಳೆ ಜಾಹೀರಾತು. ಮೂಲೆಯಲ್ಲಿ ಕಪ್ಪಗೆ ಒಂದು ಕಲೆ.

ಮನಸ್ಸು ಡ್ಯೂಯಿಯ ಹಡಗಿನಲ್ಲಿತ್ತು. ಬೆರಳು ತಾನಾಗಿ ಮೆತ್ತನೆಯ ರಬ್ಬರ್ ಹಿಡಿದು, ತಾನಾಗಿ ಸಣ್ಣ ಸಣ್ಣ ಸುತ್ತು ಹಾಕಿತು. ಒಳಗಿನಿಂದ ಹೊರಕ್ಕೆ, ಕಾಗದಕ್ಕೆ ನೋವಾಗದಂತೆ. ಕಲೆ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಚೆನ್ನಾಗಿ ಹೋಯಿತು.

ಆಮೇಲೆ ಮಗುಚಿದಳು.

'ಬುಕ್‌ರೌಂಡ್', ಫೆಬ್ರವರಿ 1944.

ಎತ್ತಿದಾಗ ಹೊದಿಕೆ ಒಂದು ಕೈಗೆ ಬಂತು, ಪುಟಗಳು ಇನ್ನೊಂದು ಕೈಗೆ. ಯಾರೋ ಅವಳ ದಾರವನ್ನು ಮೂರು ಕಡೆ ಕತ್ತರಿಸಿದ್ದರು, ಒಂದು ಎಳೆಯೂ ಹರಿಯದಂತೆ. ಹೊದಿಕೆಯ ಒಳಗೆ ಅವಳು ಅಂಟಿಸಿದ್ದ ತೆಳುಗಾಗದವನ್ನು ಹಬೆ ಹಿಡಿದು ಬಿಡಿಸಿದ್ದರು, ಅಷ್ಟೇ ಜೋಪಾನವಾಗಿ. ಅದರ ಕೆಳಗೆ ಲೈಬ್ರರಿಯ ದುಂಡು ಮುದ್ರೆ ಹೊಸದಾಗಿ ಒತ್ತಿದಂತೆ ನೀಲಿಯಾಗಿ ನಗುತ್ತಿತ್ತು.

ಚೀಟಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. 'ನಿನ್ನ ಗುಟ್ಟು ನನಗೆ ಗೊತ್ತು. ಸೋಮವಾರ ಸುಮ್ಮನೆ ಸಹಿ ಹಾಕು' ಎಂದು ಅದಕ್ಕಿಂತ ಸ್ಪಷ್ಟವಾಗಿ ಬರೆಯಲು ಬರುತ್ತಿರಲಿಲ್ಲ.

ಅವಳು ಎಷ್ಟು ಹೊತ್ತು ನಿಂತಿದ್ದಳೋ. ವಿಚಿತ್ರವೆಂದರೆ, ಭಯ ಇಳಿಯುತ್ತಾ ಬಂತು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಯಾರೋ ಬಿಚ್ಚಿಯಾಗಿತ್ತು. ಫೋನಿನ ಹತ್ತಿರ ನಡೆದಳು. ಹತ್ತೇ ಅಡಿ.

"ಲೈಲ್, ನಾನು ಆರ್ಡಿಸ್ ಟಾಲಫ್‌ಸನ್. ನಾನು ಪ್ರಮಾಣ ಮಾಡಿದ್ದು ತಪ್ಪು. ನಿನ್ನ ಹತ್ರ ಇರೋದು ಆರ್ವಿಲ್ ಪ್ರತಿ ಅಲ್ಲ. ಆರ್ವಿಲಂದು ನನ್ನ ಮೇಜಿನ ಮೇಲಿದೆ."

"ಏನಂದ್ರಿ?"

"ಈಗ ತಾನೇ ಯಾರೋ ಕಿಂಡಿಯಿಂದ ಹಾಕಿದಾರೆ. ಒಂದರಿಂದ ಮೂರರ ಒಳಗೆ."

ಆ ಕಡೆಯಿಂದ ಕುರ್ಚಿ ಎಳೆದ ಸದ್ದು. "ಡ್ಯೂಯಿ ಬೆಳಿಗ್ಗೆಯಿಂದ ನನ್ನ ಕಣ್ಣ ಮುಂದೇನೇ ಗೊರಕೆ ಹೊಡೀತಿದಾನೆ. ಅವನು ಹಾಕೋಕಾಗಲ್ಲ. ಇರಿ, ಅದು ಆರ್ವಿಲಂದೇ ಅಂತ ಈ ಸಲ ಹೇಗೆ ಹೇಳ್ತೀರಿ?"

ಅವಳು ಉಸಿರು ಎಳೆದುಕೊಂಡಳು.

"ಅದರ ಹೊದಿಕೆ ಲೈಬ್ರರೀದು. ನಾನು ಕದ್ದು ಹೊಲಿದದ್ದು. ಆರ್ವಿಲ್ ಹೊದಿಕೇನ ನಾನು ಹಾಳು ಮಾಡಿದ್ದೆ. ಬಂದಾಗ ಎಲ್ಲ ಹೇಳ್ತೀನಿ, ಬರ್ಕೊ."

ಲೈಲನ ದನಿ ಈಗ ಮೆತ್ತಗಿತ್ತು, ಬಾತುಕೋಳಿ ಪುಸ್ತಕ ಹರಿದ ಹುಡುಗನದ್ದರಂತೆ.

"ಸರಿ ಮೇಡಂ. ಐದು ನಿಮಿಷದಲ್ಲಿ ಬಂದೆ. ಅದನ್ನ ಮುಟ್ಬೇಡಿ. ತಳ್ಳಿದವನ ಕೈಯಲ್ಲಿದ್ದದ್ದು ಅದು. ಅದರ ಮೇಲೆ ಏನಾದ್ರೂ ಗುರುತು ಕಾಣುತ್ತಾ? ಬೆರಳಚ್ಚು ಅಂಥದ್ದು?"

ಆರ್ಡಿಸ್ ಮೇಜಿನ ಕಡೆ ನೋಡಿದಳು. ಬೆಳ್ಳಗೆ ಹೊಳೆಯುವ ಒಂದು ಮೂಲೆ. ಅದರ ಪಕ್ಕದಲ್ಲಿ ಚಿಟಿಕೆಯಷ್ಟು ಕಪ್ಪು ರಬ್ಬರ್ ಪುಡಿ. ಅವಳು ತನ್ನ ಅಂಗೈ ತಿರುಗಿಸಿದಳು. ಐಡೆಲಾಳ ಮನೆಯ ಕೈಗಂಬಿಯ ಮಸಿ ಇನ್ನೂ ಗೆರೆಗಳಲ್ಲಿ ಉಳಿದಿತ್ತು. ಅದೇ ಕಪ್ಪು.

ಈಗ ನೆನಪಾಯಿತು. ಕಲೆ ಉದ್ದುದ್ದಕ್ಕಿತ್ತು. ಅದರಲ್ಲಿ ಸುರುಳಿ ಸುರುಳಿ ಗೆರೆ ಇತ್ತು.

"ಮೇಡಂ? ಇದೆಯಾ?"

"ಇತ್ತು," ಎಂದಳು ಆರ್ಡಿಸ್. "ಒಂದು ಹೆಬ್ಬೆರಳು. ನಾನು ಉಜ್ಜಿಬಿಟ್ಟೆ."

ಅದು ಗಂಡಸಿನದೋ ಹೆಂಗಸಿನದೋ ಅವಳಿಗೆ ಗೊತ್ತಿಲ್ಲ. ಎಡಗೈಯದೋ ಬಲಗೈಯದೋ ಅದೂ ಗೊತ್ತಿಲ್ಲ. ಆ ಭಾನುವಾರ ಎರಡನೆಯ ಫೋನು ಎತ್ತಿದವರು ಯಾರು, ಆರ್ವಿಲನ ಎದೆಗೆ ಕೈ ಹಾಕಿ ತಳ್ಳಿದವರು ಅವರೇನಾ ಎಂಬುದೂ ಯಾರಿಗೂ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದದ್ದು ಒಂದು ಚಿಟಿಕೆಯಷ್ಟು. ಅದು ಮೇಜಿನ ಮೇಲಿತ್ತು, ಮತ್ತು ಅವಳು ಅದರ ಮೇಲೆ ಉಸಿರು ಬೀಳದಂತೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು.